ಏರು ಹತ್ತಲು ಗಾಳಿಯೂ ಬೇಕು

ಅವಸರಣ್ಣನ ವ್ಯಾನು ಬರುವ ಸದ್ದು ಕೇಳಿದರೆ ಏರಿನ ಬೀದಿಯವರು ದಡಬಡನೆ ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಅಷ್ಟು ಕಪ್ಪು ಹೊಗೆ. ಆಸ್ಪತ್ರೆ ಇದ್ದದ್ದು ಗುಡ್ಡದ ಮೇಲೆ. ಡಯಾಲಿಸಿಸ್ ಮಾಡಿಸಿಕೊಳ್ಳುವ ರೋಗಿಗಳನ್ನು ಕೆಳಗಿನ ಬಡಾವಣೆಯಿಂದ ಅಲ್ಲಿಗೆ ಮುಟ್ಟಿಸುವುದು ಅವನ ಕೆಲಸ.

ಮೊದಲೆಲ್ಲ ಮೂರನೇ ಗೇರಿನಲ್ಲಿ ಸಲೀಸಾಗಿ ಹತ್ತುತ್ತಿದ್ದ ವ್ಯಾನು ಈಚೆಗೆ ಎರಡಕ್ಕೆ ಇಳಿಸಿದರೂ ಏದುಸಿರು ಬಿಡುತ್ತಿತ್ತು. ಯಾರೋ ಹೇಳಿದರೆಂದು ಅವನು ಪಂಪಿನ ತಿರುಪು ತಿರುಗಿಸಿ ಎಂಜಿನ್ನಿಗೆ ಹೋಗುವ ಡೀಸೆಲ್ ಹೆಚ್ಚಿಸಿಕೊಂಡ. ಸಮತಟ್ಟಾದ ರಸ್ತೆಯಲ್ಲಿ ಸ್ವಲ್ಪ ಚುರುಕಾದಂತೆ ಕಂಡಿತು. ಏರಿನಲ್ಲಿ ಮಾತ್ರ ಹೊಗೆಯೇ ಇಮ್ಮಡಿಯಾಯಿತು.

ಒಂದು ಬೆಳಿಗ್ಗೆ ನಡು ಏರಿನಲ್ಲಿ ಎಂಜಿನ್ ಕಾದು ನಿಂತೇಬಿಟ್ಟಿತು. ರೋಗಿಗಳಲ್ಲಿ ಅವನ ಮಾವನೂ ಇದ್ದರು. ಅವರು ಊದಿದ ಕಾಲೆಳೆದುಕೊಂಡು, ಕೆಮ್ಮುತ್ತ, ಗೋಡೆ ಹಿಡಿದು ಹತ್ತುವುದನ್ನು ನೋಡಿ ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸುದ್ದಿ ಕೇಳಿದ ಹೆಂಡತಿ ಬೈಯಲಿಲ್ಲ. ಇನ್ನು ಮೇಲೆ ಅಪ್ಪನನ್ನು ಬೇರೆ ಗಾಡಿಯಲ್ಲಿ ಕಳಿಸುತ್ತೇನೆ ಎಂದಳು, ಅಷ್ಟೇ.

ಆ ಮಾತು ಬೈಗುಳಕ್ಕಿಂತ ಆಳವಾಗಿ ನಾಟಿತು. ಅವನು ವ್ಯಾನನ್ನು ನೇರ ತನ್ನ ಅಕ್ಕನ ಗ್ಯಾರೇಜಿಗೆ ಎಳೆಸಿಕೊಂಡು ಹೋದ. ಡೀಸೆಲ್ ಎಂಜಿನ್ನುಗಳ ನಡುವೆಯೇ ಅಕ್ಕನ ಕೂದಲು ನರೆತಿತ್ತು.

"ತಿರುಪು ಇನ್ನೊಂದರ್ಧ ಸುತ್ತು ತಿರುಗಿಸಿಕೊಡಕ್ಕ, ಸಾಕು," ಎಂದ.

"ಒಲೆಗೆ ಸೌದೆ ತುರುಕಿದ್ರೆ ಉರಿ ಬರುತ್ತೇನೋ? ಹೊಗೆ ಬರುತ್ತೆ. ಊದಿದ್ರೆ ತಾನೆ ಉರಿ," ಎಂದಳು ಅಕ್ಕ.

ಒಂದು ಪಾಲು ಡೀಸೆಲ್ ಚೆನ್ನಾಗಿ ಉರಿಯಲು ತೂಕದಲ್ಲಿ ಸುಮಾರು ಇಪ್ಪತ್ತು ಪಾಲು ಗಾಳಿ ಬೇಕು ಎಂದು ಆಕೆ ಬಿಡಿಸಿ ಹೇಳಿದಳು. ಏರಿನಲ್ಲಿ ಡೀಸೆಲ್ ಹೆಚ್ಚಿದಂತೆ ಗಾಳಿಯೂ ಹೆಚ್ಚಬೇಕು. ಆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ. ಆ ಒತ್ತಡಕ್ಕೇ ಬೂಸ್ಟ್ ಅನ್ನುತ್ತಾರೆ. ಗಾಳಿ ಸಾಲದಾದಾಗ ಡೀಸೆಲ್ ಅರೆಬೆಂದು ಕಪ್ಪು ಹೊಗೆಯಾಗುತ್ತದೆ. ಬಲ ಬರುವುದಿಲ್ಲ, ಬಿಸಿ ಮಾತ್ರ ಏರುತ್ತದೆ.

ಗಾಳಿ ಎಲ್ಲಿ ಹೋಗುತ್ತಿದೆ ನೋಡೋಣ ಎಂದು ಅಕ್ಕ ಟರ್ಬೊದಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಗೆ ಗಾಳಿ ತುಂಬಿ, ಮೇಲೆ ಸೋಪಿನ ನೀರು ಸವರಿದಳು. ಕ್ಲಿಪ್ಪಿನ ಅಡಿಯಿಂದ ಬುಳುಬುಳು ಗುಳ್ಳೆ ಎದ್ದಿತು. ಕೊಳವೆ ಸೀಳಿತ್ತು. ಏರ್ ಫಿಲ್ಟರ್ ಬಿಚ್ಚಿದರೆ ಹಿಡಿ ಹಿಡಿ ಧೂಳು.

ಕೊಳವೆ, ಫಿಲ್ಟರ್ ಎರಡನ್ನೂ ಬದಲಿಸಿದ ಮೇಲೆ ಅಕ್ಕ ತಿರುಪನ್ನು ಹಳೆಯ ಗುರುತಿಗೇ ತಂದಳು. ಅವಸರಣ್ಣ ಬಗ್ಗಿ ತಿರುಪನ್ನೇ ನೋಡಿದ.

"ಡೀಸೆಲ್ ಕಡಿಮೆ ಮಾಡಿದ್ರೆ ಬಲ ಎಲ್ಲಿಂದ ಬರುತ್ತಕ್ಕ?"

"ಬರದಿದ್ರೆ ನಾನೇ ನೂಕ್ತೀನಿ, ಹತ್ತು."

ರೋಗಿಗಳ ತೂಕಕ್ಕೆ ಸಮನಾಗಿ ಸೀಟುಗಳ ತುಂಬ ಮರಳಿನ ಚೀಲ ಹೇರಿಕೊಂಡು ಇಬ್ಬರೂ ಹೊರಟರು. ವ್ಯಾನು ಕೆಟ್ಟು ನಿಂತಿದ್ದ ಜಾಗ ಹತ್ತಿರವಾದಾಗ ಅವನ ಕೈ ತಾನಾಗಿ ಗೇರಿನತ್ತ ಹೋಯಿತು. ಇಳಿಸಬೇಕಾಗಲಿಲ್ಲ. ವ್ಯಾನು ಮೂರನೇ ಗೇರಿನಲ್ಲೇ ತುದಿ ಮುಟ್ಟಿತು. ಕನ್ನಡಿಯಲ್ಲಿ ಹಿಂದಿನ ರಸ್ತೆ ನಿಚ್ಚಳವಾಗಿ ಕಾಣುತ್ತಿತ್ತು.

ಅವಸರಣ್ಣನಿಗೆ ಆಸೆ ಹತ್ತಿತು. ಹಾಗಾದರೆ ಬೂಸ್ಟನ್ನೇ ಇನ್ನಷ್ಟು ಏರಿಸಿಬಿಡೋಣವೇ ಎಂದ.

"ಹಸಿವಾಯ್ತು ಅಂತ ಎರಡು ಕೈಲಿ ಉಣ್ಣೋಕಾಗುತ್ತಾ?" ಎಂದಳು ಅಕ್ಕ. ಒತ್ತಡ ಮಿತಿ ಮೀರಿದರೆ ಎಂಜಿನ್ನಿನ ಸಂದು ಮುಚ್ಚುವ ಗ್ಯಾಸ್ಕೆಟ್ ಒಡೆಯುತ್ತದೆ, ಎಂಜಿನ್ ಹಾಳಾಗುತ್ತದೆ. ತಯಾರಿಸಿದವರು ಇಟ್ಟ ಅಳತೆಯೇ ಅದಕ್ಕೆ ಹದ.

ಮನೆಗೆ ಬಂದು ಹೇಳಿದರೆ ಹೆಂಡತಿ ನಂಬಲಿಲ್ಲ. ಮಾರನೆಯ ದಿನ ಮೊದಲು ತಾನೇ ಕೂತು ಗುಡ್ಡದ ಮೇಲಕ್ಕೆ ಹೋಗಿಬಂದಳು. ಇಳಿದವಳು ನೇರ ಒಳಗೆ ಹೋಗಿ, ಅಪ್ಪನ ಕೈಹಿಡಿದು ಕರೆತಂದು ಮುಂದಿನ ಸೀಟಿನಲ್ಲಿ ಕೂರಿಸಿದಳು. "ನಿಧಾನ ಹೋಗಿ" ಎಂದಳು ಗಂಡನಿಗೆ.

ನಿಮ್ಮ ವ್ಯಾನು, ಟ್ರ್ಯಾಕ್ಟರು, ಲಾರಿ ಯಾವುದೇ ಇರಲಿ, ಕಪ್ಪು ಹೊಗೆ ಕಂಡರೆ ಅದು ಎಂಜಿನ್ನಿನ ಬಲವೆಂದು ಬೀಗಬೇಡಿ. ತಿರುಪಿಗೆ ಕೈ ಹಾಕುವ ಮುನ್ನ ಫಿಲ್ಟರ್ ನೋಡಿಸಿ, ಗಾಳಿ ಸೋರುತ್ತಿದೆಯೇ ಎಂದು ಬಲ್ಲವರಲ್ಲಿ ತೋರಿಸಿ. ಈ ವಾರವೇ ತೋರಿಸಿ. ನಿಮ್ಮ ಗಾಡಿಯ ಹಿಂದೆ ಬರುವವರೂ ಉಸಿರಾಡಬೇಕಲ್ಲ.