ತೆಳ್ಳಗಿನ ಪುಸ್ತಕ

"ದಪ್ಪದ್ದು ಬೇಕೋ, ತೆಳ್ಳಗಿಂದೋ?" ಎಂದ ಪುಸ್ತಕದಂಗಡಿಯ ಮುದುಕ, ಉತ್ತರಕ್ಕೆ ಕಾಯದೆ ಎರಡನ್ನೂ ತಂದು ಮೇಜಿನ ಮೇಲಿಟ್ಟ. ಎರಡರ ರಟ್ಟಿನ ಮೇಲೂ ಒಂದೇ ವ್ಯಾನಿನ ಚಿತ್ರ. ನಿಮ್ಮ ಗಾಡಿಯನ್ನು ನೀವೇ ರಿಪೇರಿ ಮಾಡಿಕೊಳ್ಳಿ ಎಂದು ಎರಡೂ ಹುರಿದುಂಬಿಸುತ್ತಿದ್ದವು.

ಬ್ರೆಡ್ಡಣ್ಣ ತೆಳ್ಳಗಿನದನ್ನು ಮುಟ್ಟಲಿಲ್ಲ. ಇಪ್ಪತ್ತು ವರ್ಷ ವ್ಯಾನಿನಲ್ಲಿ ಬೇಕರಿಯ ಮಾಲು ಹೊತ್ತು ತಿರುಗಿದ್ದಕ್ಕೆ ಅಂಟಿಕೊಂಡ ಹೆಸರು ಅದು. ಹೋದ ವರ್ಷ ಇದೇ ಮೇಜಿನ ಮುಂದೆ ಅವನು ಒಂದು ಗಂಟೆ ಮೀನಮೇಷ ಎಣಿಸಿದ್ದ. ದಪ್ಪ ಪುಸ್ತಕದ ತುಂಬ ಇರುವೆ ಸಾಲಿನಂಥ ಅಕ್ಷರ. ತೆಳ್ಳಗಿನದರಲ್ಲಿ ಅಂಗೈಯಗಲದ ಚಿತ್ರಗಳು. "ದಪ್ಪದ್ದೇ ತಗೊಳ್ರೀ, ತೆಳ್ಳಗಿಂದು ಬರೀ ಮಕ್ಕಳಾಟ" ಎಂದು ಮುದುಕ ಬಡಕೊಂಡರೂ ಕೇಳದೆ, ತೆಳ್ಳಗಿನದನ್ನೇ ಕಂಕುಳಲ್ಲಿ ಇರುಕಿಕೊಂಡು ಹೋಗಿದ್ದ.

ಅದನ್ನು ನೋಡಿಕೊಂಡೇ ಮನೆಯ ಮುಂದೆ ಸ್ಟೀರಿಂಗಿನ ರಾಡು ಬದಲಾಯಿಸಿದ. ಒಂದೂವರೆ ತಿಂಗಳಾದ ಮೇಲೆ ಅವನಿಗೆ ಜ್ವರ ಬಂದು, ತಮ್ಮ ವ್ಯಾನು ತೆಗೆದುಕೊಂಡು ಹೋದ. ಸೇತುವೆಯ ತಿರುವಿನಲ್ಲಿ ಸ್ಟೀರಿಂಗು ಮಾತು ಕೇಳಲಿಲ್ಲ. ತಮ್ಮ ಉಳಿಯಲಿಲ್ಲ.

"ಬಿಚ್ಚಿದ ನಟ್ಟನ್ನೇ ಮತ್ತೆ ಹಾಕಿದೀರಲ್ರೀ" ಎಂದಿದ್ದ, ಗಾಡಿ ಪರೀಕ್ಷೆ ಮಾಡಿದ ಮೆಕ್ಯಾನಿಕ್. "ಒಂದ್ಸಲ ಬಿಚ್ಚಿದ್ರೆ ಅದರ ಹಿಡಿತ ಹೋಗುತ್ತೆ. ಸಡಿಲ ಆಗಿ ಬಿದ್ದುಹೋಗಿದೆ."

ಮನೆಗೆ ಬಂದು ತಮ್ಮನ ಹೆಂಡತಿಗೆ ಬ್ರೆಡ್ಡಣ್ಣ ಹೇಳಿದ್ದು ಒಂದೇ ಮಾತು. "ಪುಸ್ತಕದಲ್ಲಿ ಹಾಗಂತ ಬರೆದಿರಲೇ ಇಲ್ಲಮ್ಮ." ಅದು ಸುಳ್ಳೆಂದು ಅವನಿಗೆ ಅನಿಸಿರಲಿಲ್ಲ, ಓದಿದ ನೆನಪೇ ಇರಲಿಲ್ಲ. ಅವನ ಪುಸ್ತಕ ನಜ್ಜುಗುಜ್ಜಾದ ವ್ಯಾನಿನ ಸೀಟಿನಡಿ, ಪೊಲೀಸರ ಅಂಗಳದಲ್ಲಿ ಬಿದ್ದಿತ್ತು. ಮೂರು ತಿಂಗಳು ಆ ಒಂದು ಮಾತನ್ನು ಹಿಡಿದುಕೊಂಡೇ ಅವನು ಉಂಡಿದ್ದ, ಮಲಗಿದ್ದ.

ಇವತ್ತು ತಮ್ಮನ ಹೆಂಡತಿಯೇ ಅವನನ್ನು ಅಂಗಡಿಗೆ ಎಳೆದು ತಂದಿದ್ದಳು. ಹೊಲಿಗೆ ಬಿಟ್ಟು ಹಾಗೇ ಎದ್ದು ಬಂದವಳ ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು.

"ಇಂಥದ್ದನ್ನ ಮಾರ್ತೀರಲ್ಲ, ನಿಮಗೆ ಒಂಚೂರೂ ಅನ್ಸಲ್ವಾ?" ಎಂದಳು ಮುದುಕನಿಗೆ. "ಬರೀಬೇಕಾದ್ದನ್ನೇ ಬರೆದಿಲ್ಲ. ನನ್ನ ಮನೆ ಹಾಳಾಯ್ತು."

ಮುದುಕ ಕಕ್ಕಾಬಿಕ್ಕಿಯಾಗಿ ಇಬ್ಬರ ಮುಖವನ್ನೂ ನೋಡಿದ. "ನಾನೇನೂ ಬರೆದಿಲ್ಲಮ್ಮ..."

"ತೋರಿಸಿ ಭಾವ." ಅವಳು ತೆಳ್ಳಗಿನದನ್ನು ಬ್ರೆಡ್ಡಣ್ಣನತ್ತ ತಳ್ಳಿದಳು. "ಇದ್ರಲ್ಲಿ ಇಲ್ಲ ಅಂತ ನೀವೇ ತೋರಿಸಿ."

ಹಾಳೆ ಹುಡುಕಬೇಕಾಗಲಿಲ್ಲ, ಬೆರಳಿಗೆ ದಾರಿ ಗೊತ್ತಿತ್ತು. ಚಕ್ರ, ರಾಡು, ಬಾಣದ ಗುರುತು. ಕೆಳಗೆ ಮೂಲೆಯಲ್ಲಿ ಅಂಚೆಚೀಟಿಯಷ್ಟು ಅಗಲದ ಒಂದು ಚೌಕ. ಬಿಚ್ಚಿದ ನಟ್ ಮತ್ತೆ ಬಳಸಬೇಡಿ. ಹೊಸದು ಹಾಕಿ.

ರಾಡು ಬದಲಾಯಿಸಿದ ಮಧ್ಯಾಹ್ನ ಗಾಳಿ ಜೋರಾಗಿತ್ತು. ಹಾಳೆ ಹಾರದಿರಲೆಂದು ಬಿಚ್ಚಿದ ನಟ್ಟನ್ನೇ ಆ ಮೂಲೆಯ ಮೇಲೆ ಇಟ್ಟಿದ್ದ. "ಏನಣ್ಣ, ಪರೀಕ್ಷೆಗೆ ಓದ್ತಿದೀಯಾ?" ಎಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ ತಮ್ಮ ನಕ್ಕಿದ್ದ. ಕೊನೆಗೆ ಆ ನಟ್ಟನ್ನು ಎತ್ತಿ, ಅಂಗಿಗೆ ಒರೆಸಿ, ಗಾಡಿಯಡಿ ಮಲಗಿದ್ದ ಅಣ್ಣನ ಕೈಗೆ ಕೊಟ್ಟವನೂ ಅವನೇ.

ನಾನೇ ಕೊಂದೆ. ಇನ್ನು ಬೇರೆ ಯಾರ ಮೇಲೂ ಹಾಕುವಂತಿಲ್ಲ.

"ಇಲ್ಲ ತಾನೆ?" ಎಂದಳು. ಬೈಯಲು ಬಂದವಳ ದನಿ ಬೇಡುವವಳದಾಗಿತ್ತು. ಇಲ್ಲ ಎಂದುಬಿಡಬೇಕೆಂದು ಅವನು ಬಾಯಿ ತೆರೆದ. ಹೆಬ್ಬೆರಳು ಸರಿದು ಆ ಚೌಕವನ್ನು ಮುಚ್ಚಿತು.

ಅವಳು ಬಗ್ಗಿದಳು.

"ಭಾವ, ಬೆರಳು ತೆಗೀರಿ."

ಮೇಲೆ ಫ್ಯಾನು ತಿರುಗುತ್ತಿತ್ತು. ತೆರೆದ ಹಾಳೆ ಆ ಗಾಳಿಗೆ ಪಟಪಟ ಎನ್ನುತ್ತಿತ್ತು. ಅವನ ಹೆಬ್ಬೆರಳು ಒತ್ತಿದ್ದ ಮೂಲೆ ಮಾತ್ರ ಅಲುಗಾಡಲಿಲ್ಲ.