ಮೂವತ್ತೇಳನೆಯ ಮೆಳೆ

ಚಟ್ಟ ಎತ್ತಲು ನಾಲ್ವರೂ ಕೈ ಹಾಕಿದ್ದರು. ಅಷ್ಟರಲ್ಲಿ ಪೆದ್ರು ಅಡ್ಡ ಬಂದು ನಿಂತ. ಹಳಿಯಾಳದ ಕಾಡಿನ ಸಿದ್ದಿ ಜನದವನು ಅವನು. ಸುದ್ದಿ ಕೇಳಿದವನೇ ಬಸ್ಸಿಗೂ ಕಾಯದೆ ನಡೆದುಬಂದಿದ್ದ. ಸರ್‌ಗೆ ಒಂದು ಮಾತು ಹೇಳುವುದಿದೆ, ಹೇಳದೆ ಹೋದರೆ ತನಗೆ ಊಟ ಸೇರುವುದಿಲ್ಲ ಎಂದ.

ಸತ್ತವನಿಗೆ ಎಂಥ ಮಾತು ಎಂದು ದುರ್ಗಪ್ಪ ಸಿಡುಕಿದ. ದಾಂಡೇಲಿಯ ಕಾಗದ ಕಾರ್ಖಾನೆಯ ಕೆಲಸಗಾರ ಅವನು, ಕೂಲಿ ಮಾಡಿ ತಮ್ಮನನ್ನು ಓದಿಸಿದವನು. ತಮ್ಮ ಶಂಕ್ರಪ್ಪ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾನೆಂದು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದ; ಹಾಗೆಂದರೇನೆಂದು ಯಾರಾದರೂ ಕೇಳಿದರೆ ಮಾತ್ರ ಬೀಡಿ ಹಚ್ಚುತ್ತಿದ್ದ. ರಜೆಗೆ ಅಣ್ಣನ ಮನೆಗೆ ಬಂದಿದ್ದ ಶಂಕ್ರಪ್ಪ ನಿನ್ನೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ.

"ಹೇಳ್ಲಿ ಬಿಡ್ರಿ ಭಾವಾರ," ಎಂದಳು ಶಂಕ್ರಪ್ಪನ ಹೆಂಡತಿ ಸುಶೀಲವ್ವ.

*

ಆರು ವರ್ಷದ ಕೆಳಗೆ, ಅರವತ್ತೊಂದರ ದೀಪಾವಳಿ ರಜೆಯಲ್ಲಿ, ಶಂಕ್ರಪ್ಪ ಬಿದಿರು ಎಣಿಸಲು ಕಾಡಿಗೆ ಬಂದಿದ್ದ. ಕೆಲವೇ ಮೆಳೆ ಎಣಿಸಿ ಇಡೀ ಕಾಡಿನ ಅಂದಾಜು ಹೇಳುವ ಸಂಶೋಧನೆ ಅವನದು. ಯಾವ ಮೆಳೆ ಎಂಬುದನ್ನು, ಚೀಟಿ ಎತ್ತಿದಂತೆ, ಪುಸ್ತಕದಲ್ಲಿ ಕ್ರಮವಿಲ್ಲದೆ ಅಚ್ಚಾದ ಅಂಕಿಗಳು ಆರಿಸುತ್ತಿದ್ದವು. ದಾರಿಯಲ್ಲೇ ಒಳ್ಳೆಯ ಬಿದಿರು ಇರುವಾಗ ಮುಳ್ಳಿನಲ್ಲಿ ನುಗ್ಗುವುದು ದಾರಿ ತೋರಿಸಲು ಜೊತೆಗಿದ್ದ ಪೆದ್ರುವಿಗೆ ಹುಚ್ಚಾಟವಾಗಿ ಕಂಡಿತ್ತು.

"ಚೆಂದ ಕಂಡದ್ದನ್ನಷ್ಟ ಎಣಿಸಿದರ ಕಾಡು ಸುಳ್ಳಾಗತೈತಿ, ಪೆದ್ರು."

ಕೊನೆಯ ದಿನ ಸರ್‌ಗೆ ಜ್ವರ. ಹಳ್ಳದಾಚೆಯ ಮೂವತ್ತೇಳನೆಯ ಮೆಳೆಗೆ ಪೆದ್ರು ಒಬ್ಬನೇ ಹೊರಟ. ಮನೆಯಲ್ಲಿ ಹೆಂಡತಿ ಅಗ್ನೆಸ್‌ಗೆ ಹೆರಿಗೆ ಬೇನೆ ಶುರುವಾಗಿತ್ತು. ಹಳ್ಳದಿಂದಲೇ ತಿರುಗಿ ಬಂದು ಅಲ್ಲಿ ನಲವತ್ತು ಗಳ ಇವೆ ಎಂದು ಸರ್‌ಗೆ ಹೇಳಿಬಿಟ್ಟ.

*

"ಆ ಮೆಳಿ ನಾ ನೋಡೇ ಇಲ್ರಿ ಸರ," ಎಂದು ಪೆದ್ರು ಹೆಣದ ಕಾಲು ಹಿಡಿದ. "ಸುಳ್ಳು ಹೇಳಿದೆ."

"ಅವರಿಗೆ ಗೊತ್ತಿತ್ತು," ಎಂದಳು ಸುಶೀಲವ್ವ.

ಮರುವರ್ಷ ಶಂಕ್ರಪ್ಪ ತಾನೇ ಹಳ್ಳ ದಾಟಿ ಹೋಗಿದ್ದನಂತೆ. ಆ ಮೆಳೆ ಎಣಿಕೆಗೂ ಎಷ್ಟೋ ಮೊದಲೇ ಹೂ ಬಿಟ್ಟು ಒಣಗಿತ್ತು. ಹಸಿ ಗಳ ಒಂದೂ ಇರಲಿಲ್ಲ. ಅಚ್ಚಿಗೆ ಹೋಗಿದ್ದ ಪ್ರಬಂಧವನ್ನು ವಾಪಸ್ ತರಿಸಿ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಿದ. ಅಷ್ಟರಲ್ಲಿ ಅವನಿಗೆ ಸಿಗಬೇಕಿದ್ದ ರೀಡರ್ ಹುದ್ದೆ ಬೇರೆಯವರ ಪಾಲಾಯಿತು. ಆಗ ತಮ್ಮನನ್ನು ಸೋಮಾರಿ ಎಂದು ಬಾಯಿಗೆ ಬಂದಂತೆ ಬೈದವನು ದುರ್ಗಪ್ಪ.

"ನನ್ನ ಯಾಕ ಕೇಳಲಿಲ್ರಿ ಅಕ್ಕಾರ?" ಎಂದ ಪೆದ್ರು.

"ಹೆಂಡತಿ ಹಡಿಯೂ ಹೊತ್ತಿನ್ಯಾಗ ಅವನ್ನ ಕಾಡಿಗೆ ಕಳಿಸಿದವ ನಾನು, ತಪ್ಪು ನಂದು ಅಂದ್ರು."

ಪೆದ್ರು ಬಿಕ್ಕಿಬಿಕ್ಕಿ ಅತ್ತ. ದುರ್ಗಪ್ಪನಿಗೆ ತಮ್ಮ ಸತ್ತದ್ದು ಈಗಷ್ಟೇ ತಿಳಿದಂತೆ ಸಂಕಟವಾಯಿತು. ಅವನು ಹೆಗಲ ಮೇಲಿನ ಟವೆಲ್ ತೆಗೆದು ಪೆದ್ರುವಿನ ಹೆಗಲಿಗೆ ಹಾಕಿ, ಚಟ್ಟದ ಮುಂದಿನ ತನ್ನ ಜಾಗ ಬಿಟ್ಟುಕೊಟ್ಟ. ನೆರೆದವರು ಗುಸುಗುಸು ಅಂದರೂ ಅವನು ಆ ಕಡೆ ತಿರುಗಲಿಲ್ಲ.

ಪೆದ್ರು ಉಳಿದ ಮೂವರಿಗಿಂತ ಗೇಣು ಎತ್ತರ. ಎತ್ತಿದೊಡನೆ ಚಟ್ಟ ಒಂದು ಕಡೆ ವಾಲಿತು. ಅವನು ಮೊಣಕಾಲು ಮಡಿಸಿ ಹೆಗಲು ಸರಿಮಾಡಿಕೊಂಡ. ಕಾಳಿ ನದಿಯ ದಂಡೆ ಬರುವವರೆಗೂ ಹಾಗೆಯೇ ಬಗ್ಗಿ ನಡೆದ.