ಖಾಲಿ ದಾರಿಯ ಅರ್ಧ ಗಂಟೆ

ಒಂದು ಸೀಮೆಯಲ್ಲಿ ಎರಡು ಗುಡ್ಡಗಳಿದ್ದವು. ಮೂಡಣ ಗುಡ್ಡದ ಮೇಲೊಂದು ಮೊಬೈಲ್ ಟವರ್, ಪಡುವಣ ಗುಡ್ಡದ ಮೇಲೊಂದು. ನಡುವೆ ಹದಿನೈದು ಮೈಲಿ ಬಯಲು. ಎರಡರ ಎದೆಗೂ ನಗಾರಿಯಂಥ ಬಿಳಿ ತಟ್ಟೆಯೊಂದನ್ನು ಬಿಗಿದಿದ್ದರು. ಒಂದರ ಮುಖ ಇನ್ನೊಂದರ ಕಡೆಗೇ. ಕೂದಲೆಳೆಯಷ್ಟೂ ಅತ್ತಿತ್ತ ತಿರುಗುವಂತಿಲ್ಲ. ಊರಿನವರ ಮಾತನ್ನು ಮೂಡಣ ಟವರ್ ಗಾಳಿಯಲ್ಲಿ ಹಿಡಿದು ಆ ತಟ್ಟೆಯಿಂದ ಪಡುವಣದಕ್ಕೆ ಕೊಡಬೇಕು, ಅದು ಮುಂದಿನ ಲೋಕಕ್ಕೆ ದಾಟಿಸಬೇಕು. ಹನ್ನೊಂದು ವರ್ಷ ಹೀಗೆ ಎದುರುಬದುರು ನಿಂತರೂ ಅವು ತಮ್ಮದೆನ್ನುವ ಒಂದು ಮಾತನ್ನೂ ಆಡಿರಲಿಲ್ಲ.

ಆಡಲು ದಾರಿ ಬಿಡುವಾಗಿದ್ದರೆ ತಾನೇ? ಮದುವೆಯ ಮಾತುಕತೆ, ಟೊಮೆಟೊ ದರ, ಅತ್ತೆಯ ಮೇಲಿನ ದೂರು, ಸುಮ್ಮನೆ ಕೆಮ್ಮು. ಎಲ್ಲವೂ ಅದೇ ದಾರಿಯಲ್ಲಿ ನುಗ್ಗುತ್ತಿದ್ದವು. 'ಊಟ ಆಯ್ತಾ' ಎಂಬ ಪ್ರಶ್ನೆಯನ್ನಂತೂ ಮೂಡಣ ಟವರ್ ದಿನಕ್ಕೆ ಸಾವಿರ ಸಲ ಹೊರುತ್ತಿತ್ತು. ಟವರನ್ನು ಮಾತ್ರ ಯಾರೂ ಏನೂ ಕೇಳಿರಲಿಲ್ಲ. ಕಬ್ಬಿಣಕ್ಕೆ ಹೊಟ್ಟೆಕಿಚ್ಚು ಸಲ್ಲದು, ಆದರೂ ಅದಕ್ಕೆ ನೋವಾಗುತ್ತಿತ್ತು. ಎದುರಿನ ಟವರನ್ನು ಒಂದೇ ಒಂದು ಮಾತು ಕೇಳಬೇಕೆಂದು ಅದರ ಆಸೆ: ನಿನಗೂ ಅಲ್ಲಿ ಒಬ್ಬಂಟಿ ಅನ್ನಿಸುತ್ತದೆಯೇ?

ಮೂಡಣ ಟವರಿಗೆ ಉಸಿರು ಕೊಡುವವರು ಮೂವರು. ಮೊದಲನೆಯದು ಕರೆಂಟು; ಪೇಟೆಯ ನೆಂಟ, ಹೇಳದೆ ಬರುತ್ತದೆ, ಹೇಳದೆ ಹೋಗುತ್ತದೆ. ಅದು ಹೋದಾಗ ಕಬ್ಬಿಣದ ಬೀರುವಿನೊಳಗಿನ ಇಪ್ಪತ್ನಾಲ್ಕು ಬ್ಯಾಟರಿಗಳು ಸದ್ದಿಲ್ಲದೆ ಭಾರ ಹೊರುತ್ತವೆ. ಅವು ದಣಿಯುವ ಹೊತ್ತಿಗೆ ಕಾವಲುಗಾರ ತಿಪ್ಪೇಶಿ ಜನರೇಟರಿಗೆ ಡೀಸೆಲ್ ಸುರಿದು ಚಾಲೂ ಮಾಡುತ್ತಾನೆ. ಡೀಸೆಲ್ ಇಲ್ಲದಿದ್ದರೆ? ಅದಕ್ಕೂ ಕಚೇರಿಯ ನಿಯಮವಿತ್ತು. ಮೊದಲು ಊರಿನ ಕಡೆಗಿನ ಆಂಟೆನಾಗಳನ್ನು ಆರಿಸಬೇಕು, ಉಳಿದ ಅಷ್ಟಿಷ್ಟು ಉಸಿರಿನಲ್ಲಿ ಬಿಳಿ ತಟ್ಟೆಯೊಂದನ್ನು ಉಳಿಸಬೇಕು. ದಾರಿಯೊಂದಿದ್ದರೆ ಊರನ್ನು ಆಮೇಲೆ ಎಬ್ಬಿಸಬಹುದೆಂದು ಅವರ ಲೆಕ್ಕಾಚಾರ. ಹನ್ನೊಂದು ವರ್ಷದಲ್ಲಿ ಆ ನಿಯಮಕ್ಕೆ ಕೆಲಸ ಬಿದ್ದಿರಲಿಲ್ಲ.

ಒಂದು ದಿನ ಬೆಳಿಗ್ಗೆಯೇ ಕರೆಂಟು ಹೋಯಿತು. ಡೀಸೆಲ್ ಗಾಡಿ ಹಳ್ಳದ ಆಚೆ ಆಕ್ಸೆಲ್ ಮುರಿದುಕೊಂಡು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಊರಿನ ಆಂಟೆನಾಗಳು ಆರಿದವು. ಸ್ವಲ್ಪ ಹೊತ್ತಿಗೆಲ್ಲ ಹಿಟ್ಟಿನ ಗಿರಣಿಯ ಬೋರಕ್ಕ ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು.

"ಏನ್ ತಿಪ್ಪೇಶಿ, ಮಾತಾಡ್ತಾ ಮಾತಾಡ್ತಾ ಕಟ್ಟಾತಲ್ಲ!"

"ಡೀಸೆಲ್ ಬಂದಿಲ್ಲ ಕಣಕ್ಕ. ಸಂಜೀಕೆ ಬತ್ತೈತೆ. ಕುತ್ಕ, ನೀರು ಕುಡ್ದು ಹೋಗು."

"ಕುತ್ಕಳಾಕೆ ಬಂದಿಲ್ಲಪ್ಪ ನಾನು," ಎಂದು ಬೋರಕ್ಕ ಇಳಿದು ಹೋದಳು. ಆ ವಾರ ತಿಪ್ಪೇಶಿಯ ಜೊತೆ ಎದುರು ನಿಂತು ಮಾತಾಡಿದವಳು ಅವಳೊಬ್ಬಳೇ. ತಂದ ಚೊಂಬಿನ ನೀರನ್ನು ಅವನೇ ಕುಡಿದ.

ಇತ್ತ ಊರಿನ ಆಂಟೆನಾಗಳು ಆರಿದ ಕೂಡಲೇ ಬ್ಯಾಟರಿಗಳಲ್ಲಿ ಹಿರಿಯದು ಟವರಿಗೆ ಹೇಳಿತ್ತು: "ನಮ್ಮಲ್ಲಿ ಉಳಿದಿರುವುದು ಅರ್ಧ ಗಂಟೆ. ದಾರಿ ಖಾಲಿ ಇದೆ. ನಿನಗೇನಾದರೂ ಹೇಳುವುದಿದ್ದರೆ ಈಗ ಹೇಳಿಕೋ."

ಮೂಡಣ ಟವರಿನ ಮೈಯೆಲ್ಲ ಝುಮ್ಮೆಂದಿತು. ಅದು ಬಾಯಿ ತೆರೆಯಿತು.

"ಹಲೋ?"

"ಹಲೋ! ಹೇಳಿ."

"ಕೇಳಿಸ್ತಾ ಇದೆಯಾ?"

"ಕೇಳಿಸ್ತಾ ಇದೆ, ಹೇಳಿ. ನಿಮಗೆ ಕೇಳಿಸ್ತಾ ಇದೆಯಾ?"

"ಚೆನ್ನಾಗಿ ಕೇಳಿಸ್ತಾ ಇದೆ. ಊಟ ಆಯ್ತಾ?"

"ಆಯ್ತು. ನಿಮ್ಮದು?"

"ಆಯ್ತು. ಮತ್ತೇನು ವಿಶೇಷ?"

"ಏನಿಲ್ಲ, ನೀವೇ ಹೇಳಬೇಕು."

"ನಮ್ಮದೇನಿದೆ, ನೀವೇ ಹೇಳಿ."

ಹನ್ನೊಂದು ವರ್ಷ ಕಾದ ಪ್ರಶ್ನೆ ಮೂಡಣ ಟವರಿನ ಗಂಟಲಲ್ಲೇ ಇತ್ತು. ಮೊದಲ ಮಾತಿಗೇ ಅಂಥದ್ದನ್ನೆಲ್ಲ ಕೇಳಿದರೆ ಏನಂದುಕೊಂಡೀತು ಎಂದು ಅದು ಸಂಕೋಚಪಟ್ಟಿತು. ಆಚೆಯದೂ ಏನೋ ಹೇಳಲು ಹೊರಟು, "ಮತ್ತೆ..." ಎಂದು ತಡೆದು, "ಬಿಸಿಲು ಜಾಸ್ತಿ ಅಲ್ವಾ?" ಎಂದಿತು. ಹೌದು, ಜಾಸ್ತಿ ಎಂದು ಇದು ಒಪ್ಪಿತು. ಆಮೇಲೆ ಎರಡೂ ಕಾದವು. ಕೇಳಲಿ ಎಂದು ಅದು, ಹೇಳಲಿ ಎಂದು ಇದು. ಅಷ್ಟರಲ್ಲಿ ಬ್ಯಾಟರಿ ಕೆಮ್ಮಿತು.

"ಸರಿ ಹಾಗಾದರೆ," ಎಂದಿತು ಮೂಡಣ ಟವರ್ ಅವಸರದಲ್ಲಿ, "ಇನ್ನೊಂದು ಸಲ ಹೀಗೇ ಬಿಡುವಾದಾಗ ನಿಧಾನವಾಗಿ ಮಾತಾಡೋಣ."

"ಖಂಡಿತ. ಇಡಲಾ?"

ತಟ್ಟೆ ಆರಿತು. ಸಂಜೆ ಡೀಸೆಲ್ ಬಂತು, ಜನರೇಟರ್ ಗುಡುಗಿತು, ಊರು ನಿಂತಲ್ಲಿಂದ ತನ್ನ ಮಾತು ಮುಂದುವರಿಸಿತು.

ನಗರದ ಕಚೇರಿಯಲ್ಲಿ ಎಲ್ಲದಕ್ಕೂ ದಾಖಲೆ ಇರುತ್ತದೆ. ದಾರಿ ಅರ್ಧ ಗಂಟೆ ತೆರೆದಿದ್ದು ಅಲ್ಲಿ ಕಂಡಿತು; ಆ ಅರ್ಧ ಗಂಟೆಯಲ್ಲಿ ಉಪಯುಕ್ತವಾದ ಮಾತು ಯಾವುದೂ ಹರಿದಿಲ್ಲವೆಂಬುದೂ ಕಂಡಿತು. ಬ್ಯಾಟರಿಯನ್ನು ಹೀಗೆ ಪೋಲು ಮಾಡಬಾರದು, ಇನ್ನು ಮುಂದೆ ಆಂಟೆನಾ ಆರಿದ ಕ್ಷಣವೇ ತಟ್ಟೆಯೂ ಆರಬೇಕು ಎಂದು ಆಜ್ಞೆ ಹೊರಟಿತು. ವೈರನ್ನು ಯಾವ ಜಾಗದಿಂದ ಯಾವ ಜಾಗಕ್ಕೆ ಹಾಕಬೇಕೆಂದು ತಿಪ್ಪೇಶಿಗೆ ಫೋನಿನಲ್ಲೇ ಹೇಳಿಕೊಟ್ಟರು. ಅವನು ಹೇಳಿದಂತೆ ಹಾಕಿದ.

"ಆತು ಸಾರ್, ಬದ್ಲಾಯಿಸ್ದೆ."

"ಸರಿ. ಬೇರೆ ಏನಾದರೂ ಹೇಳೋದಿದೆಯಾ?"

ತಿಪ್ಪೇಶಿ ಬಯಲಿನ ಕಡೆ ನೋಡಿದ. ಅವನ ತುಟಿ ಒಮ್ಮೆ ಅಲುಗಿತು.

"ಏನಿಲ್ಲ ಸಾರ್."

ಮೂಡಣ ಟವರ್ ಆ ಮಾತನ್ನು ಒಂದಕ್ಷರವೂ ಬೀಳದಂತೆ ಪಡುವಣ ಟವರಿಗೆ ಕೊಟ್ಟಿತು. ಅದು ಮುಂದಕ್ಕೆ ದಾಟಿಸಿತು.